ತಗೊಂಡೆ ಅಂದಮೇಲೆ

ನಮ್ಮ ಭಾವ ಬರೆದ ಪ್ರೋಗ್ರಾಮಿನ ಹೆಸರು ‘ಟಪಾಲು’. ನೀವು ಕೇಳಿರಲಿಕ್ಕಿಲ್ಲ, ಕೇಳಬೇಕಾಗಿಯೂ ಇಲ್ಲ. ನಲ್ಲಿಯಲ್ಲಿ ನೀರು ಬರುವಷ್ಟು ದಿನ ಕೊಳವೆ ಹಾಕಿದವನ ಹೆಸರು ಯಾರಿಗೆ ಬೇಕು? ನೀವು ಬರೆದ ಇಮೇಲು ನಿಮ್ಮ ಕಂಪ್ಯೂಟರಿನಿಂದ ಹೊರಟು ಇನ್ನೊಬ್ಬರ ಪೆಟ್ಟಿಗೆ ಸೇರುವ ತನಕ ನಡುವೆ ಕೆಲವು ಯಂತ್ರಗಳ ಕೈ ಬದಲಾಗುತ್ತದೆ. ಅಂಥ ಯಂತ್ರದೊಳಗೆ ಕೂತು, ಪತ್ರ ಇಸಕೊಂಡು, ವಿಳಾಸ ನೋಡಿ, ಮುಂದಿನವರಿಗೆ ದಾಟಿಸುವುದಕ್ಕೆ ಒಂದು ಪ್ರೋಗ್ರಾಂ ಬೇಕು. ದೊಡ್ಡವರಿಗೆ ದೊಡ್ಡ ಪ್ರೋಗ್ರಾಮುಗಳಿವೆ. ಟಪಾಲು ಸಣ್ಣವರದ್ದು: ಶಾಲೆಗಳು, ಲೈಬ್ರರಿಗಳು, ಪುಟ್ಟ ಆಸ್ಪತ್ರೆಗಳು, ಒಬ್ಬನೇ ವಕೀಲನಿರುವ ಆಫೀಸುಗಳು. ಯುನಿಕ್ಸ್ ಜಾತಿಯ ಯಾವ ಹಳೇ ಯಂತ್ರಕ್ಕೆ ಹಾಕಿದರೂ ಗೊಣಗದೆ ಓಡುತ್ತದೆ. ಬಿಟ್ಟಿ ಸಿಗುತ್ತದೆ. ಬಿಟ್ಟಿ ಮಾತ್ರವಲ್ಲ, ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ನಮಗೆ ಕಳಿಸಬಹುದು. ನಾವು ಅಂದರೆ ಭಾವ ಮತ್ತು ನಾನು.

ಭಾವ ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಯಂತ್ರಗಳ ಉಸ್ತುವಾರಿ ನೋಡಿಕೊಂಡಿದ್ದು ನಿವೃತ್ತರಾದವರು. ನಾನು ಒಂದು ಮುದ್ರಣಾಲಯದಲ್ಲಿ ಕಂಪ್ಯೂಟರುಗಳ ದಾದಿ. ನನ್ನ ಮೇಜು ಕಾಗದ ಕತ್ತರಿಸುವ ಯಂತ್ರದ ಹಿಂದಿದೆ. ಅದು ಧಡ್ ಅಂದಾಗಲೆಲ್ಲ ನನ್ನ ಟೀ ಲೋಟ ನಡುಗುತ್ತದೆ. ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟಿದ್ದಾಳೆ. ಉದ್ದವಾದ ಪ್ಯಾಂಟು ಮೋಟು ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರ ಬಟ್ಟೆ ಬಿಚ್ಚಿ ಹಿಗ್ಗಿಸುವುದು. ಟಪಾಲಿನ ಮೂಲಪ್ರತಿ ಇರುವ ಯಂತ್ರ ಅವಳ ಕತ್ತರಿ ಮೇಜಿನ ಕೆಳಗೇ ಕೂತಿದೆ. ಅದರ ಫ್ಯಾನಿನೊಳಗೆ ನೂಲು ಸಿಕ್ಕಿಕೊಂಡಾಗ ಬಿಡಿಸುವವಳೂ ಅವಳೇ.

ಮದುವೆಯ ಹೊಸದರಲ್ಲೇ ಭಾವ ನನ್ನನ್ನು ಈ ಕೆಲಸಕ್ಕೆ ಎಳೆದರು. “ಹೆಣ್ಣು ಕೊಟ್ಟವರ ಮನೆಯಿಂದ ನಾನು ಬೇರೇನೂ ಕೇಳಲಿಲ್ಲಪ್ಪ, ಒಬ್ಬ ಪುಕ್ಕಟೆ ಓದುಗನನ್ನ ಕೇಳಿದೆ, ಅಷ್ಟೇ” ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದರು. ಓದುಗ ಯಾಕೆ ಅಂದರೆ ನಮ್ಮಲ್ಲೊಂದು ನಿಯಮವಿದೆ. ಒಬ್ಬ ಬರೆದಿದ್ದನ್ನು ಇನ್ನೊಬ್ಬ ಓದಿ ಒಪ್ಪಬೇಕು, ಆಮೇಲೇ ಅದು ಟಪಾಲಿನ ಒಳಗೆ ಹೋಗಬೇಕು. ಹೊರಗಿನವರು ಕಳಿಸಿದ್ದನ್ನು ಓದಿ ಉತ್ತರ ಬರೆಯುವುದು ನನ್ನ ಪಾಲು. ನನಗೆ ಸೌಜನ್ಯ ಕಡಿಮೆ. ‘ಇದನ್ನು ಬರೆಯುವಾಗ ಊಟ ಆಗಿತ್ತೋ ಇಲ್ಲವೋ’ ಎಂದು ಒಬ್ಬನಿಗೆ ಬರೆದಿದ್ದೆ. ಭಾವ ಅದಕ್ಕೇ ನನಗೆ ಖಾರದಪುಡಿ ಎಂದು ಹೆಸರಿಟ್ಟಿದ್ದರು. ನಿಯಮದಿಂದ ಹೊರಗಿದ್ದವರು ಭಾವ ಒಬ್ಬರೇ. ಟಪಾಲು ಶುರುವಾದಾಗ ಅವರನ್ನು ಓದುವವರು ಯಾರೂ ಇರಲಿಲ್ಲ, ಹಾಗೇ ಉಳಿದುಬಂತು. ಅವರು ಬರೆದದ್ದು ನೇರ ಒಳಗೆ ಹೋಗುತ್ತಿತ್ತು. ಅದಕ್ಕೆ ಯಾರ ತಕರಾರೂ ಇರಲಿಲ್ಲ, ಯಾಕಂದರೆ ಅವರ ಬರಹದಲ್ಲಿ ತಪ್ಪು ಹುಡುಕುವುದು ಅನ್ನದಲ್ಲಿ ಕಲ್ಲು ಹುಡುಕುವುದಕ್ಕಿಂತ ಕಷ್ಟವಿತ್ತು.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಯಂತ್ರ ಇನ್ನೊಂದಕ್ಕೆ ಪತ್ರ ಕೊಟ್ಟಾಗ, ತೆಗೆದುಕೊಂಡ ಯಂತ್ರ ಕೊನೆಗೆ ಒಂದು ಸಂಖ್ಯೆ ಹೇಳುತ್ತದೆ. ಅದರ ಅರ್ಥ ‘ತಗೊಂಡೆ’. ಆ ಮಾತು ಕೇಳಿದ ಕೂಡಲೇ ಕೊಟ್ಟ ಯಂತ್ರ ತನ್ನ ಹತ್ತಿರವಿದ್ದ ಪ್ರತಿಯನ್ನು ಅಳಿಸಿಬಿಡುತ್ತದೆ. ಅಲ್ಲಿಂದ ಮುಂದೆ ಆ ಪತ್ರಕ್ಕೆ ನಾವು ಬಿಟ್ಟರೆ ಗತಿಯಿಲ್ಲ. ಹಾಗಾಗಿ ಟಪಾಲು ಮೊದಲು ಪತ್ರವನ್ನು ಡಿಸ್ಕಿಗೆ ಬರೆಯುತ್ತದೆ. ನಿಜವಾಗಿಯೂ ಬರೆದೆಯಾ ಎಂದು ಡಿಸ್ಕನ್ನು ಕೇಳುತ್ತದೆ. ಹೌದು ಅಂದಮೇಲೇ ‘ತಗೊಂಡೆ’ ಅನ್ನುತ್ತದೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಟಪಾಲು ನಿಧಾನ ಎಂದು ಮೂಗು ಮುರಿದವರಿಗೆ ಲೆಕ್ಕವಿಲ್ಲ. ಮೊದಲು ‘ತಗೊಂಡೆ’ ಅನ್ನಿ, ಡಿಸ್ಕಿಗೆ ನಿಧಾನವಾಗಿ ಬರೆದುಕೊಳ್ಳಿ, ನಡುವೆ ಕರೆಂಟು ಹೋಗುವುದು ಎಷ್ಟು ಸಲ, ಎಂದು ವಾದಿಸಿದವರೂ ಇದ್ದರು. ಯಾವುದಕ್ಕೂ ತಲೆಬಿಸಿ ಮಾಡಿಕೊಳ್ಳದ ಭಾವ ಈ ಒಂದು ವಿಷಯಕ್ಕೆ ಮಾತ್ರ ಕೆಂಡವಾಗುತ್ತಿದ್ದರು. “ತಗೊಂಡೆ ಅಂದಮೇಲೆ ಕಳೀಬಾರದು. ಕಳೆಯೋದಾದ್ರೆ ತಗೊಂಡೆ ಅನ್ನಬಾರದು. ಇಷ್ಟು ತಿಳೀದಿದ್ದೋರು ಬೇರೆ ಪ್ರೋಗ್ರಾಂ ಹಾಕ್ಕೊಳ್ಳಲಿ.”

ಭಾವನ ಮರೆವು ಕಂಡು ಮೊದಮೊದಲು ನಮಗೆ ನಗು ಬರುತ್ತಿತ್ತು. ಭಾವ ಸಹಾಯದ ಪುಟದಲ್ಲಿ ಒಂದು ಪದ ತಿದ್ದಿದರು. ಆಮೇಲೆ ಅದನ್ನು ಮೊದಲಿನಂತೆ ಮಾಡಿದರು. ಮತ್ತೆ ತಿದ್ದಿದರು. “ಆ ಪದದ ಜೊತೆ ನಿಮಗೇನು ಜಗಳ ಭಾವ?” ಅಂದೆ. “ಅದು ನಿನ್ನ ಹಾಗೇ ಕಣಯ್ಯ, ಎಷ್ಟು ತಿದ್ದಿದ್ರೂ ಅಷ್ಟೇ” ಅಂದರು. ಮತ್ತೊಂದು ದಿನ ಫೋನು ಮಾಡಿ ಹೊಸ ಆವೃತ್ತಿ ಹೊರಬಿಡಲು ಕಂಪ್ಯೂಟರಿಗೆ ಕೊಡುವ ಆದೇಶ ಯಾವುದೆಂದು ಕೇಳಿದರು. ಆ ಆದೇಶವನ್ನು ಮಾಡಿದವರೇ ಅವರು. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ತಪ್ಪುತಪ್ಪಾಗಿ ಹೇಳಿದೆ. ಅವರು ಅದನ್ನು ಬರೆದುಕೊಳ್ಳುತ್ತಿದ್ದ ಸದ್ದು ಕೇಳಿಸಿತು. 

ಒಂದು ಬೆಳಿಗ್ಗೆ ಭಾವ ಚೀಲ ಹೆಗಲಿಗೇರಿಸಿಕೊಂಡು ಪಾಲಿಟೆಕ್ನಿಕ್ಕಿಗೆ ಕೆಲಸಕ್ಕೆ ಹೋದರು. ಗೇಟಿನವನು ಹಳಬ, ಒಳ್ಳೆಯವನು. ತನ್ನ ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಅಕ್ಕನಿಗೆ ಫೋನು ಮಾಡಿದ. ಆಮೇಲೆ ಡಾಕ್ಟರು, ಪರೀಕ್ಷೆ, ಮೆದುಳಿನ ಚಿತ್ರಗಳು. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು. “ಇದಕ್ಕೆ ಔಷಧಿ?” ಎಂದು ಅಕ್ಕ ಕೇಳಿದಾಗ ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಆ ಕನ್ನಡಕ ಕೊಳೆಯಾಗಿರಲಿಲ್ಲ.

ಮನೆಗೆ ಬಂದಮೇಲೆ ಅಕ್ಕ ನನ್ನನ್ನು ಅಂಗಡಿ ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಕೈಯಲ್ಲಿ ಯಾರದೋ ಕೋಟಿತ್ತು, ಮಾತಾಡುತ್ತಲೇ ಅದರ ಒಳಬಟ್ಟೆ ಬಿಚ್ಚುತ್ತಿದ್ದಳು.

“ನೋಡು, ಬೀಗದ ಕೈ ತೆಗೆದಿಟ್ಟಿದ್ದಾಯ್ತು. ಒಲೆ ಹತ್ರ ಬಿಡಲ್ಲ. ಸೈಕಲ್ಲು ಕೊಟ್ಟುಬಿಟ್ಟೆ. ಒಂದೊಂದು ಕಿತ್ಕೊಂಡಾಗಲೂ ಒಂದು ಸುತ್ತು ಸಣ್ಣ ಆಗ್ತಿದಾರೆ ಕಣೋ. ಟಪಾಲಿಗೆ ಮಾತ್ರ ಕೈ ಹಾಕ್ಬೇಡ. ಅದೊಂದು ಇರಲಿ ಅವರಿಗೆ.”

“ಅಕ್ಕ, ಅದನ್ನ ನಂಬ್ಕೊಂಡು ಎಷ್ಟೋ ಜನ ಇದಾರೆ. ಭಾವ ಒಂದು ಸಾಲು ಹೆಚ್ಚುಕಮ್ಮಿ ಮಾಡಿದ್ರೆ...”

“ಹಿಂದಿಂದೆ ನೀನು ನೋಡ್ಕೋ. ಅವರು ಹೊಲಿದಿದ್ದು ಸೊಟ್ಟ ಇದ್ರೆ ಬಿಚ್ಚಿ ಹೊಲಿ. ಅವರಿಗೆ ಗೊತ್ತಾಗೋದು ಬೇಡ.”

ನಾನು ಹೂಂ ಅಂದೆ. ಅಕ್ಕನಿಗೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ.

ಹೀಗೆ ನಮ್ಮ ಕಳ್ಳಾಟ ಶುರುವಾಯಿತು. ಬೆಳಿಗ್ಗೆ ಭಾವ ಹಾಕಿದ್ದನ್ನು ಸಂಜೆಯೊಳಗೆ ನಾನು ಓದುತ್ತಿದ್ದೆ. ಸರಿಯಿದ್ದರೆ ಬಿಡುತ್ತಿದ್ದೆ, ಕೆಟ್ಟಿದ್ದರೆ ಸದ್ದಿಲ್ಲದೆ ತೆಗೆಯುತ್ತಿದ್ದೆ. ಕೆಲವು ದಿನ ಅವರು ಹಿಂದಿನಂತೇ ಬರೆಯುತ್ತಿದ್ದರು. ಅಂಥ ದಿನ ನನಗೆ ಡಾಕ್ಟರ ಮೇಲೇ ಅನುಮಾನ ಬರುತ್ತಿತ್ತು. ಮರುದಿನ ನೋಡಿದರೆ ಅರ್ಧ ಬರೆದ ವಾಕ್ಯ, ಮುಚ್ಚದ ಆವರಣ, ಎಲ್ಲಿಗೂ ಸೇರದ ಒಂದು ಸಾಲು. ಮೇಲಿನಿಂದ ಕೆಳಗೆ ಓದಿ, ಅದನ್ನು ಅಳಿಸುವ ಮುಂಚೆ ನಾನು ಸ್ವಲ್ಪ ಹೊತ್ತು ಕೈಕಟ್ಟಿ ಕೂರುತ್ತಿದ್ದೆ.

ಶಾಲೆಗಳ ಪಠ್ಯಪುಸ್ತಕ ಅಚ್ಚಾಗುವ ಕಾಲ ಬಂತು. ನಮ್ಮ ಪ್ರೆಸ್ಸಿನಲ್ಲಿ ಆಗ ಉಸಿರಾಡುವುದಕ್ಕೂ ಪುರಸೊತ್ತಿರುವುದಿಲ್ಲ. ಕೆಲವು ದಿನ ನಾನು ಟಪಾಲಿನ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಭಾವ ಒಂದು ತಿದ್ದುಪಡಿ ಹಾಕಿದ್ದಲ್ಲದೆ, ಆದೇಶವನ್ನು ಎಲ್ಲೋ ಹುಡುಕಿ, ಹೊಸ ಆವೃತ್ತಿಯನ್ನೂ ಹೊರಗೆ ಬಿಟ್ಟಿದ್ದರು. ಟಪಾಲು ಹಾಕಿಕೊಂಡವರೆಲ್ಲ ಭಾವನ ಸಹಿ ನೋಡಿ, ನಂಬಿ, ಹೊಸತನ್ನು ಹಾಕಿಕೊಂಡರು. ಈ ಸಲ ಬಹಳ ವೇಗವಾಗಿದೆ ಎಂದು ಹೊಗಳಿ ಬರೆದವರೂ ಇದ್ದರು.

ಆಮೇಲೆ ಒಂದು ಪತ್ರ ಬಂತು. ಒಂದು ಪುಟ್ಟ ಆಸ್ಪತ್ರೆಯ ಕಂಪ್ಯೂಟರು ನೋಡಿಕೊಳ್ಳುವ ಹೆಣ್ಣುಮಗಳು ಬರೆದಿದ್ದಳು. ಅವರಲ್ಲಿ ಕರೆಂಟು ಹೋಗಿ ಬಂದಿತ್ತು. ಹೊರಗಿನ ಪ್ರಯೋಗಾಲಯ ಅದೇ ಹೊತ್ತಿಗೆ ರೋಗಿಗಳ ವರದಿಗಳನ್ನು ಕಳಿಸಿತ್ತು. ಟಪಾಲು ‘ತಗೊಂಡೆ’ ಅಂದಿತ್ತು. ಪ್ರಯೋಗಾಲಯದ ಯಂತ್ರ ತನ್ನ ಪ್ರತಿ ಅಳಿಸಿತ್ತು. ಆಸ್ಪತ್ರೆಯ ಡಿಸ್ಕಿನಲ್ಲಿ ಏನೂ ಇರಲಿಲ್ಲ. ಒಬ್ಬ ಹೆಂಗಸು ತನ್ನ ವರದಿ ಬರುತ್ತದೆಂದು ಮನೆಯಲ್ಲಿ ಕಾದಳು, ಬರಲಿಲ್ಲವೆಂದರೆ ಏನೂ ಇಲ್ಲವೆಂದು ಅರ್ಥ ಎಂದುಕೊಂಡು ಸುಮ್ಮನಾದಳು. ಯಾರೋ ದಾದಿ ನೆನಪಿಟ್ಟು ಪ್ರಯೋಗಾಲಯವನ್ನು ಕೇಳಿದ್ದರಿಂದ ಗೊತ್ತಾಯಿತು, ಚಿಕಿತ್ಸೆ ಶುರುವಾಯಿತು. ಆಕೆಗೆ ಹೆಚ್ಚೇನೂ ಆಗಲಿಲ್ಲವಂತೆ, ಪುಣ್ಯ. ಪತ್ರದಲ್ಲಿ ಬೈಗುಳ ಒಂದೂ ಇರಲಿಲ್ಲ. ‘ಟಪಾಲು ಹೀಗೆ ಮಾಡುವುದಿಲ್ಲ ಎಂದೇ ನಾವು ಅದನ್ನು ಹಾಕಿಕೊಂಡದ್ದು’ ಎಂದಷ್ಟೇ ಇತ್ತು. ನಾಲ್ಕು ಬೈದಿದ್ದರೆ ನಾನು ಎಷ್ಟೋ ನಿರಾಳವಾಗಿರುತ್ತಿದ್ದೆ.

ಒಳಗೆ ತೆರೆದು ನೋಡಿದೆ. ಎರಡು ಸಾಲು ಹಿಂದುಮುಂದಾಗಿದ್ದವು. ಮೊದಲು ‘ತಗೊಂಡೆ’, ಆಮೇಲೆ ಡಿಸ್ಕು. ಜೀವಮಾನವಿಡೀ ಯಾವುದರ ವಿರುದ್ಧ ಜಗಳವಾಡಿದರೋ ಅದನ್ನೇ ಭಾವ ತಮ್ಮ ಕೈಯಾರೆ ಮಾಡಿದ್ದರು. ನಾನು ತಕ್ಷಣ ಅದನ್ನು ಸರಿಮಾಡಿ, ಹೊಸ ಆವೃತ್ತಿ ಬಿಟ್ಟು, ಎಲ್ಲರಿಗೂ ಎಚ್ಚರಿಕೆ ಕಳಿಸಿದೆ. ಅಷ್ಟಾದಮೇಲೆ ಮೇಜಿನ ಮೇಲೆ ತಲೆಯಿಟ್ಟೆ. ಕತ್ತರಿ ಯಂತ್ರದವನು ಬಂದು ಜ್ವರವೇ ಎಂದು ಕೇಳಿದ.

ಭಾನುವಾರ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಇನ್ನು ಹಿಂದಿಂದೆ ನೋಡುವುದು ಸಾಲದು, ನೇರ ಒಳಗೆ ಹಾಕುವ ಭಾವನ ಹಕ್ಕನ್ನು ತೆಗೆಯಲೇಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಬೇಡ” ಅಂದಳು.

“ಒಬ್ಬಳು ಸಾಯ್ತಿದ್ದಳು ಅಕ್ಕ.”

ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಸೂಜಿಗೆ ದಾರ ಪೋಣಿಸಲು ಹೋದಳು. ದಾರ ಸೇರಿದ ಕೂಡಲೇ ಯಂತ್ರ ಓಡಿಸತೊಡಗಿದಳು.

ಭಾವ ಒಳಗಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದಿದ್ದರು. ಅವತ್ತು ಅವರ ಒಳ್ಳೆಯ ದಿನ. “ಬಾರಯ್ಯ ಖಾರದಪುಡಿ, ಯಾರನ್ನ ಅಳಿಸಿ ಬಂದೆ ಇವತ್ತು?” ಅಂದರು. ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, ಆಸ್ಪತ್ರೆಯ ಪತ್ರ ತೆಗೆದು ಅವರ ಮುಂದಿಟ್ಟೆ. ನಿಧಾನವಾಗಿ ಓದಿದರು. ಆಮೇಲೆ ನಾನು ಆ ಎರಡು ಸಾಲುಗಳನ್ನು ತೋರಿಸಿದೆ.

ಅವರ ಮುಖ ಕೆಂಪಾಯಿತು. ಎಷ್ಟೋ ದಿನಗಳಿಂದ ನೋಡದ ಕೋಪ ಅದು. “ಇದನ್ನ ಯಾರು ಮಾಡಿದ್ದು? ನೀನು ಓದಿ ಒಪ್ಪಿದ್ಯಾ?”

“ಇಲ್ಲ ಭಾವ.”

“ಮತ್ತೆ ಒಳಗೆ ಹೇಗೆ ಬಂತು? ಇವನಿಗೆ ಹಕ್ಕು ಕೊಟ್ಟೋರು ಯಾರು? ನೋಡು, ನಾನು ಯಾರ ಮೇಲೂ ಕಠಿಣ ಆಗಲ್ಲ. ಆದರೆ ಇವನು ಯಾರೇ ಆಗಿರಲಿ, ಇವತ್ತೇ ತೆಗಿ. ಇಂಥವನ ಕೈಯಲ್ಲಿ ಟಪಾಲು ಇರಬಾರದು.”

 ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ನಿಂತಿತ್ತು. ನಾನೇ ಮಾಡಿದ್ದು ಎಂದು ಹೇಳಿಬಿಡೋಣ ಅನಿಸಿತು. ಹೇಳಿದ್ದರೆ ಭಾವ ಹಿಂದುಮುಂದು ನೋಡದೆ ನನ್ನನ್ನು ತೆಗೆಯುತ್ತಿದ್ದರು, ಆಮೇಲೆ ಟಪಾಲಿಗೆ ದಿಕ್ಕು ಯಾರು? ನಾನು ಬಾಯಿ ತೆರೆಯುವ ಮುಂಚೆಯೇ ಭಾವ ಕೀಲಿಮಣೆ ಎಳೆದುಕೊಂಡಿದ್ದರು. ಯಾವ ಸಾಲು ಯಾರು ಬರೆದರು ಎಂದು ಕೇಳಿದರೆ ಯಂತ್ರ ಹೇಳುತ್ತದೆ. ಅದನ್ನು ಕೇಳುವುದು ಹೇಗೆ ಎಂಬುದನ್ನು ಅವರ ಬೆರಳುಗಳು ಮರೆತಿರಲಿಲ್ಲ.

ತೆರೆಯ ಮೇಲೆ ಅವರದೇ ಹೆಸರು ಬಂತು.

ಭಾವ ಮತ್ತೊಮ್ಮೆ ಕೇಳಿದರು, ಯಂತ್ರ ಮತ್ತೊಮ್ಮೆ ಅದನ್ನೇ ಹೇಳಿತು. ಅಕ್ಕ ಬಾಗಿಲಲ್ಲಿ ಬಂದು ನಿಂತಿದ್ದಳು.

“ಇವನ ಹಿಂದಿಂದೆ ನೀನು ಎಷ್ಟು ದಿನದಿಂದ ಗುಡಿಸ್ತಾ ಇದೀಯ?” ಎಂದು ತೆರೆಯ ಮೇಲಿನ ಹೆಸರು ತೋರಿಸಿ, ನನ್ನ ಕಡೆ ತಿರುಗದೇ ಕೇಳಿದರು.

“ಸ್ವಲ್ಪ ದಿನ ಆಯ್ತು.”

“ನಿನ್ನ ಅಕ್ಕ ಹೇಳಿದ್ದಾ?”

 ಅಕ್ಕ, “ಹೂಂ, ನಾನೇ” ಅಂದಳು.

ಭಾವ ತಲೆಯಾಡಿಸಿದರು. ಕೋಪವೆಲ್ಲ ಇಳಿದಿತ್ತು. “ಈಗ ನಂಗೆ ಏನು ಹೇಳಿದ್ರೂ ಹೂಂ ಅಂತೀನಿ, ಒಳಗೆ ಬರ್ಕೊಳ್ಳಲ್ಲ. ಇಂಥ ಯಂತ್ರನ ನಾನು ಆಗಿದ್ರೆ ಇಟ್ಕೋತಿರಲಿಲ್ಲ” ಅಂದರು. ಅಕ್ಕ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಟಪಾಲಿನಲ್ಲಿ ಯಾರಿಗೆಲ್ಲ ಹಕ್ಕಿದೆ ಎಂಬುದು ಒಂದು ಸಣ್ಣ ಕಡತದಲ್ಲಿದೆ. ಮೊದಲ ಸಾಲು ಭಾವ, ಎರಡನೆಯದು ನಾನು. ಅವರು ಅದನ್ನು ತೆರೆದು ಮೊದಲ ಸಾಲು ಅಳಿಸಿದರು. ಯಾಕೆ ಅಳಿಸಿದೆ ಎಂದು ಬರೆಯುವ ಜಾಗದಲ್ಲಿ, ‘ನನ್ನನ್ನು ನಾನೇ ತೆಗೆದಿದ್ದೇನೆ. ಬೇರೆ ಯಾರನ್ನೂ ದೂರಬಾರದು’ ಎಂದು ಬರೆದರು. “ಇಲ್ಲದಿದ್ರೆ ಭಾಮೈದ ಭಾವನ್ನ ಓಡಿಸಿ ಆಸ್ತಿ ಹೊಡ್ಕೊಂಡ ಅಂತಾರೆ ನಮ್ಮ ಲಿಸ್ಟಿನವರು” ಎಂದು ನಗಲು ನೋಡಿದರು. ಲಿಸ್ಟು ಅಂದರೆ ಟಪಾಲು ಬಳಸುವವರಿಗೆಲ್ಲ ಒಂದೇ ವಿಳಾಸ, ಅಲ್ಲಿಗೆ ಬರೆದರೆ ಎಲ್ಲರಿಗೂ ತಲುಪುತ್ತದೆ.

ಇಷ್ಟಾದಮೇಲೆ ಅವರು ಅದನ್ನು ನೇರ ಒಳಗೆ ಹಾಕಲಿಲ್ಲ. ನನಗೆ ಕಳಿಸಿದರು. “ನಿಯಮ ಅಲ್ವಾ? ಓದಿ ಒಪ್ಪು” ಅಂದರು. ಭಾವ ಬರೆದದ್ದನ್ನು ನಾನು ಓದಿ ಒಪ್ಪಿದ್ದು ಅದೇ ಮೊದಲು. ಅವರ ಪಕ್ಕದ ಸ್ಟೂಲಿನ ಮೇಲೆ ಕೂತು ಒಂದು ಸಾಲನ್ನು ಎಷ್ಟು ಸಲ ಓದಬಹುದೋ ಅಷ್ಟು ಸಲ ಓದಿದೆ. ಅದರಲ್ಲಿ ತಪ್ಪು ಸಿಗಲಿಲ್ಲ. ಒಪ್ಪಿದೆ ಎಂದು ಒತ್ತಿದೆ. ಒತ್ತಿದ ಬೆರಳನ್ನು ಕತ್ತರಿಸಿ ಎಸೆಯಬೇಕು ಅನಿಸಿತು.

ನಿಜವಾದ ಕಷ್ಟ ಮರುದಿನ ಶುರುವಾಯಿತು. ಭಾವನಿಗೆ ಅದು ನೆನಪಿರಲಿಲ್ಲ. ಏನೋ ತಿದ್ದಿ ಒಳಗೆ ಹಾಕಲು ಹೋದರು, ಯಂತ್ರ ನಿಮಗೆ ಹಕ್ಕಿಲ್ಲ ಅಂದಿತು. ನನಗೆ ಫೋನು ಬಂತು. “ಯಾರೋ ನನ್ನನ್ನ ತೆಗೆದಿದಾರೆ ಕಣಯ್ಯ.” ನಾನು ವಿವರಿಸಿದೆ.  “ನಾನೇ ತೆಗೆದನಾ? ಹಾಗಾದ್ರೆ ಸರಿ” ಅಂದರು. ಅದರ ಮರುದಿನವೂ ಹೀಗೇ ಆಯಿತು. ಪ್ರತಿಸಲವೂ ಅವರಿಗೆ ಅದು ಹೊಸ ಸುದ್ದಿ, ಪ್ರತಿಸಲವೂ ಅದೇ ಪ್ರಶ್ನೆ, ಕೊನೆಗೆ ಅದೇ ‘ಸರಿ’. ಒಮ್ಮೆಯಾದರೂ ಜಗಳಕ್ಕೆ ಬರಲಿ ಎಂದು ನಾನು ಕಾದೆ. ಅವರು ಬರಲಿಲ್ಲ. ಕೊನೆಗೆ ಅಕ್ಕ ನಡೆದದ್ದನ್ನು ನಾಲ್ಕು ಸಾಲು ಬರೆದು ಕಂಪ್ಯೂಟರಿನ ಅಂಚಿಗೆ ಅಂಟಿಸಿದಳು. ಫೋನು ನಿಂತಿತು. ನನಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ.

ದಿನ ಕಳೆದಂತೆ ಭಾವ ಬರೆಯುವುದೇ ನಿಂತಿತು. ಆದರೆ ದಿನವೂ ಕಂಪ್ಯೂಟರಿನ ಮುಂದೆ ಕೂತು ಓದುತ್ತಿದ್ದರು. ಟಪಾಲನ್ನೇ ಓದುತ್ತಿದ್ದರಂತೆ, ಕಾದಂಬರಿ ಓದುವ ಹಾಗೆ, ಒಂದೊಂದು ಕಡೆ ನಿಲ್ಲಿಸಿ ಭೇಷ್ ಅನ್ನುತ್ತಾ. ನಾನು ಹೋದರೆ ಕೆಲವು ಸಲ ಭಾಮೈದ, ಕೆಲವು ಸಲ ‘ಪ್ರೆಸ್ಸಿನವರು’. ಪ್ರೆಸ್ಸಿನವರಾದ ದಿನ ನನ್ನನ್ನು ಬಹುವಚನದಲ್ಲಿ ಮಾತಾಡಿಸಿ, ಟೀ ಕುಡಿದೇ ಹೋಗಬೇಕೆಂದು ಬಲವಂತ ಮಾಡುತ್ತಿದ್ದರು. 

ಒಂದು ಮಧ್ಯಾಹ್ನ ಪ್ರೆಸ್ಸಿನಲ್ಲಿ ಊಟದ ಡಬ್ಬಿ ತೊಳೆದು ಬಂದು ಕೂತವನು ಲಿಸ್ಟು ತೆರೆದೆ. ಹೊಸ ಪತ್ರವೊಂದಿತ್ತು. ಕಳಿಸಿದ ವಿಳಾಸ ಭಾವನದು.

‘ಮಾನ್ಯರೇ, ನಾನು ಟಪಾಲಿಗೆ ಹೊಸಬ. ನಮ್ಮ ಮನೆಯ ಯಂತ್ರದಲ್ಲಿ ಇದನ್ನು ಕಂಡು, ಕುತೂಹಲದಿಂದ ಒಳಗೆ ಓದಿದೆ. ಬಹಳ ಅಚ್ಚುಕಟ್ಟಾಗಿ ಬರೆದಿದ್ದೀರಿ. ಒಂದು ಕಡೆ ಮಾತ್ರ ಯಂತ್ರ ಸುಮ್ಮನೆ ಕಾಯುತ್ತಿದೆ ಎನಿಸಿತು. ಎರಡು ಸಾಲುಗಳನ್ನು ಹಿಂದುಮುಂದು ಮಾಡಿದರೆ ವೇಗ ಹೆಚ್ಚಬಹುದು. ತಿದ್ದಿ ಜೊತೆಗಿಟ್ಟಿದ್ದೇನೆ. ತಪ್ಪಿದ್ದರೆ ಮನ್ನಿಸಿ, ನಾನು ಕಲಿಯುತ್ತಿರುವವನು.’

ಲಿಸ್ಟಿನಲ್ಲಿ ಎಲ್ಲದಕ್ಕೂ ಮೂಗು ತೂರಿಸುವ ಮಹಾಶಯರಿದ್ದಾರೆ. ಅಲ್ಪವಿರಾಮಕ್ಕೂ ಕೂದಲು ಸೀಳುತ್ತಾರೆ. ಅವತ್ತು ಒಬ್ಬರೂ ಕಮಕ್ ಕಿಮಕ್ ಅನ್ನಲಿಲ್ಲ. ಹೆಸರು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನಾನು ಏನು ಬರೆಯುತ್ತೇನೆ ಎಂದು ಕಾಯುತ್ತಿದ್ದರು.

ಅಕ್ಕನ ಫೋನು ಬಂತು. “ನೋಡಿದ್ಯಾ?”

“ನೋಡಿದೆ.”

“ಬೆಳಿಗ್ಗೆಯಿಂದ ಅದನ್ನೇ ಬರೀತಿದ್ರು. ನಂಗೆ ಓದಿ ಹೇಳಿದ್ರು. ಎಷ್ಟು ಖುಷಿಯಾಗಿದಾರೆ ಗೊತ್ತಾ? ತಗೊಂಡೆ ಅಂತ ಬರ್ದುಬಿಡೋ. ಬರ್ದು, ಹಾಕದೆ ಇರು. ಅವರಿಗೇನು ಗೊತ್ತಾಗುತ್ತೆ.”

ಅದು ಸುಲಭವಿತ್ತು. ಭಾವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಆದರೆ ಯಾವ ಮಾತನ್ನು ಯಂತ್ರದ ಬಾಯಲ್ಲಿ ಕೂಡ ಸುಳ್ಳಾಗಲು ಭಾವ ಬಿಟ್ಟಿರಲಿಲ್ಲವೋ, ಅದನ್ನು ನಾನು ಅವರಿಗೇ ಸುಳ್ಳಾಗಿ ಹೇಳಬೇಕಿತ್ತು.

“ಆಗಲ್ಲ ಅಕ್ಕ” ಅಂದೆ. “ಬೇರೆ ಏನು ಬೇಕಾದ್ರೂ ಹೇಳ್ತೀನಿ. ಅದೊಂದು ಹೇಳಕ್ಕಾಗಲ್ಲ.”

ಅವಳು “ಹಾಗಾದ್ರೆ ಬೈಬೇಡ” ಎಂದು ಫೋನಿಟ್ಟಳು.

ನಾನು ಜನ್ಮದಲ್ಲಿ ಬರೆಯದಷ್ಟು ಮೃದುವಾಗಿ ಬರೆದೆ. ಸ್ವಾಗತ ಕೋರಿದೆ. ಓದಿದ್ದಕ್ಕೆ ಕೃತಜ್ಞತೆ ಹೇಳಿದೆ. ಈ ತಿದ್ದುಪಡಿಯನ್ನು ತೆಗೆದುಕೊಳ್ಳಲು ಆಗುವುದಿಲ್ಲ ಎಂದೆ. ನೀವು ಕಂಡದ್ದು ಸರಿ, ಯಂತ್ರ ಅಲ್ಲಿ ಕಾಯುತ್ತದೆ, ಬೇಕೆಂದೇ ಕಾಯುತ್ತದೆ. ಡಿಸ್ಕು ಬರೆದುಕೊಳ್ಳುವ ಮುಂಚೆ ‘ತಗೊಂಡೆ’ ಅಂದುಬಿಟ್ಟರೆ, ಆ ಕ್ಷಣದಲ್ಲಿ ಕರೆಂಟು ಹೋದರೆ, ಪತ್ರ ಕೊಟ್ಟವರಲ್ಲೂ ಇರುವುದಿಲ್ಲ, ನಮ್ಮಲ್ಲೂ ಇರುವುದಿಲ್ಲ. ಬರೆದವರು ತಲುಪಿತು ಎಂದುಕೊಂಡಿರುತ್ತಾರೆ. ಭಾವ ನನಗೆ ಹೇಳಿಕೊಟ್ಟದ್ದನ್ನೇ ಭಾವನಿಗೆ ಹೇಳಿಕೊಡುತ್ತಿದ್ದೆ. ಅವರ ವಾಕ್ಯಗಳೇ ನನ್ನ ಬೆರಳಿಗೆ ಬರುತ್ತಿದ್ದವು, ಬೇರೆ ವಾಕ್ಯಗಳು ನನಗೆ ಗೊತ್ತೂ ಇರಲಿಲ್ಲ.

ಉತ್ತರ ಬೇಗ ಬಂತು.

‘ಮಾನ್ಯರೇ, ನೀವು ಹೇಳಿದ್ದು ಪೂರ್ತಿ ಸರಿ. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ನನ್ನ ತಿದ್ದುಪಡಿ ಹಿಂತೆಗೆದುಕೊಳ್ಳುತ್ತೇನೆ. ಒಂದು ಮಾತು ಕೇಳಬಹುದೇ? ಇದನ್ನು ಮೊದಲು ಯೋಚಿಸಿದವರು ಯಾರು? ಸುಮ್ಮನೆ ಕೂತವರಿಗೆ ಇದು ಹೊಳೆಯುವುದಿಲ್ಲ. ಅವರದೊಂದು ಪತ್ರ ಎಲ್ಲೋ ಕಳೆದುಹೋಗಿರಬೇಕು.’

ಕಳೆದುಹೋಗಿತ್ತು. ಅದನ್ನು ಭಾವ ಒಮ್ಮೆ ಮಾತ್ರ ನನಗೆ ಹೇಳಿದ್ದರು, ಲಿಸ್ಟಿನಲ್ಲಿ ಯಾರಿಗೂ ಗೊತ್ತಿಲ್ಲ. ಮದುವೆಗೆ ಮುಂಚೆ ಅವರು ದೂರದ ಒಂದು ಕಾಲೇಜಿನಲ್ಲಿ ಕೆಲಸಕ್ಕಿದ್ದಾಗ ಅವರ ತಾಯಿ ಹಾಸಿಗೆ ಹಿಡಿದರು. ಅಣ್ಣ ಕಾಲೇಜಿನ ವಿಳಾಸಕ್ಕೆ ಇಮೇಲು ಕಳಿಸಿದರು: ಅಮ್ಮ ನಿನ್ನನ್ನೇ ಕೇಳುತ್ತಿದ್ದಾಳೆ, ಕೂಡಲೇ ಹೊರಡು. ಕಾಲೇಜಿನ ಯಂತ್ರ ‘ತಗೊಂಡೆ’ ಅಂದಿತು, ಕರೆಂಟು ಹೋಯಿತು. ಆ ಕಡೆ ಅಮ್ಮ ಬಾಗಿಲು ನೋಡುತ್ತಾ ಮಲಗಿದ್ದರು. ಈ ಕಡೆ ಭಾವ ಏನೂ ತಿಳಿಯದೆ ಪ್ರಯೋಗಾಲಯದ ಯಂತ್ರಗಳಿಗೆ ಎಣ್ಣೆ ಹಾಕುತ್ತಿದ್ದರು. ಅವರು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಕರೆದರೂ ಬರಲಿಲ್ಲವೆಂದು ಅಣ್ಣ ಮಾತು ಬಿಟ್ಟರು, ಸಾಯುವ ತನಕ ಆಡಲಿಲ್ಲ. ಭಾವ ವಾಪಸು ಹೋಗಿ ಯಂತ್ರದ ದಾಖಲೆಯಲ್ಲಿ ಆ ‘ತಗೊಂಡೆ’ಯನ್ನು ಕಂಡರು. ಟಪಾಲಿನ ಮೊದಲ ಸಾಲುಗಳನ್ನು ಬರೆದದ್ದು ಆ ವಾರ.

ಈಗ ಅದೂ ಹೋಗಿತ್ತು. ಅಮ್ಮ ಕಾದದ್ದು, ಅಣ್ಣ ಮಾತು ಬಿಟ್ಟದ್ದು, ಯಾವುದೂ ಅವರಲ್ಲಿ ಉಳಿದಿರಲಿಲ್ಲ. ಒಳ್ಳೆಯದೇ ಆಯಿತೋ ಏನೋ ಎಂದು ಮನಸ್ಸಿಗೆ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ. ಕತ್ತರಿ ಯಂತ್ರದ ಹಿಂದೆ ಕೂತು ನಾನು ಅತ್ತೆ. ಧಡ್ ಧಡ್ ಎಂಬ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

‘ಹೌದು, ಕಳೆದುಹೋಗಿತ್ತು. ಇದನ್ನು ಯೋಚಿಸಿದವರು ನಮ್ಮ ಭಾವ’ ಎಂದು ಬರೆದೆ. ಅದಕ್ಕಿಂತ ಹೆಚ್ಚು ಬರೆಯಲಿಲ್ಲ.

ಸಂಜೆ ಪ್ರೆಸ್ಸು ಮುಚ್ಚುವ ಮುಂಚೆ ಕೊನೆಯ ಪತ್ರ ಬಂತು. ‘ಪಾಪ, ಬಹಳ ನೊಂದಿರಬೇಕು. ಅವರಿಗೆ ನನ್ನ ನಮಸ್ಕಾರ ತಿಳಿಸಿ.’

ತಿಳಿಸುತ್ತೇನೆ ಎಂದು ಬರೆದೆ.